ಹಸಿರು ನುಂಗಿದ ಬೆರಳುಗಳು

ಆ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೈಯಲ್ಲಿ ಕತ್ತರಿ ನೋಡಿದವರು ಯಾರೂ ಇರಲಿಲ್ಲ. ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸಿದವರನ್ನು ಕಂಪ್ಯೂಟರಿನಲ್ಲಿ ಆ ಹಸಿರಿನಿಂದ ಬಿಡಿಸಿ, ಹಿಂದೆ ಬೇಕಾದ ನೋಟ ಕೂರಿಸುವುದು ಅವಳ ಕೆಲಸ. ಆ ಕೆಲಸದವರು ಅದನ್ನು ಕೀಯಿಂಗ್ ಅನ್ನುತ್ತಾರೆ. ಹದಿನೇಳು ವರ್ಷದಲ್ಲಿ ಅವಳು ಹಾಸಿಗೆ ಮಾರುವವನನ್ನು ಮೋಡದ ಮೇಲೆ ಮಲಗಿಸಿದ್ದಳು. ನಾಲ್ಕು ಸಾಲು ಓದಲು ಬೆವರುವ ಅಧಿಕಾರಿಯನ್ನು ದೊಡ್ಡ ಗ್ರಂಥಾಲಯದ ನಡುವೆ ಕೂರಿಸಿದ್ದಳು. ಊರ ಗಡಿ ದಾಟದ ಒಬ್ಬ ಪ್ರವಾಸ ಕಂಪನಿಯವನನ್ನು ಹಿಮದ ಬೆಟ್ಟಕ್ಕೆ ಹತ್ತಿಸಿದ್ದಳು. ತಾನು ಮಾತ್ರ ಅದೇ ಕಿಟಕಿಯಿಲ್ಲದ ಕೋಣೆಯಲ್ಲಿ, ಎಡಗೈ ಮುರಿದ ಅದೇ ಕುರ್ಚಿಯಲ್ಲಿ ಉಳಿದಿದ್ದಳು.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿ, ಮೂರು ಕೋಣೆ, ಮೂರು ಜನ. ಮಾಲೀಕರು, ಕ್ಯಾಮೆರಾದವನು, ಇವಳು. ಮಾಲೀಕರು ಕೆಟ್ಟವರಲ್ಲ, ಆತುರದವರು. ಬಂದ ಕೆಲಸಕ್ಕೆಲ್ಲ ತಲೆಯಾಡಿಸಿ, ಒಪ್ಪಿದ ಮೇಲೆ ಇವಳ ಬಾಗಿಲ ಬಳಿ ಬಂದು ನಿಂತು, "ಏನಮ್ಮ, ಆಗುತ್ತಲ್ಲ?" ಎಂದು ಕೇಳುವವರು. ಅವಳು ಆಗಲ್ಲ ಅಂದದ್ದು ಕಡಿಮೆ. ಇತ್ತೀಚೆಗಂತೂ ಬೇಡ ಅನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ ಅನಿಸಿ ಹೂಂ ಅಂದುಬಿಡುತ್ತಿದ್ದಳು.

ಆ ಸಲ ಬಂದದ್ದು ಕಿವುಡ ಮಕ್ಕಳ ಶಾಲೆಯ ಕೆಲಸ. ಒಂದನೇ ತರಗತಿಯ ಗಣಿತ, ಮೂವತ್ತು ಪಾಠ, ಪ್ರತಿಯೊಂದೂ ಆರು ನಿಮಿಷ. ಪಾಠ ಹೇಳುವವರು ಆ ಶಾಲೆಯ ಹಿರಿಯ ಟೀಚರಮ್ಮ. ಅವರೂ ಹುಟ್ಟು ಕಿವುಡಿ. ಮೂವತ್ತನಾಲ್ಕು ವರ್ಷ ಅದೇ ತರಗತಿಗೆ ಸನ್ನೆಯಲ್ಲೇ ಲೆಕ್ಕ ಕಲಿಸಿದವರು, ಆ ವರ್ಷದ ಕೊನೆಗೆ ನಿವೃತ್ತಿ. ಅವರು ಹೋದ ಮೇಲೂ ಅವರ ಪಾಠ ಇರಲಿ ಎಂಬುದು ಶಾಲೆಯವರ ಆಸೆ. ಟೀಚರಮ್ಮನ ಜೊತೆ ಅವರ ತಂಗಿಯ ಮಗಳು ಬರುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಬ್ಯಾಂಕಿನಲ್ಲಿ ಕೆಲಸ, ರಜೆ ಹಾಕಿ ಬಂದು ದೊಡ್ಡಮ್ಮನ ಸನ್ನೆಯನ್ನು ಮಾತಾಗಿಸಿ ಹೇಳುತ್ತಿದ್ದಳು.

ಚಿತ್ರೀಕರಣ ನಾಲ್ಕು ದಿನ ನಡೆಯಿತು. ಮೊದಲ ದಿನ ಶುರುವಿನಲ್ಲೇ ಒಂದು ದೊಡ್ಡ ದೀಪ ಸುಟ್ಟುಹೋಯಿತು. ಹೊಸದು ತರಿಸುವ ಬದಲು ಕ್ಯಾಮೆರಾದವನು ಟೀಚರಮ್ಮನನ್ನು ಬಟ್ಟೆಯ ಹತ್ತಿರಕ್ಕೆ ಸರಿಸಿ, ಬೆಳಕು ಸಾಲದ್ದಕ್ಕೆ ಕ್ಯಾಮೆರಾದ ಶಟರ್ ಹೆಚ್ಚು ಹೊತ್ತು ತೆರೆದಿರುವ ಹಾಗೆ ಮಾಡಿಕೊಂಡು ಮುಗಿಸಿದ. ಸುಮ್ಮನೆ ನಿಂತು ಮಾತಾಡುವವರಾಗಿದ್ದರೆ ಅದು ನಡೆಯುತ್ತಿತ್ತು. ಟೀಚರಮ್ಮನ ಮಾತೆಲ್ಲ ಕೈಯಲ್ಲಿ. ಕೈ ಬೀಸಿದಾಗಲೆಲ್ಲ ಬೆರಳು ಮಸುಕಾಗಿ, ಚರ್ಮದ ಬಣ್ಣವೂ ಬಟ್ಟೆಯ ಹಸಿರೂ ಒಂದರೊಳಗೊಂದು ಕಲಸಿಹೋಗಿದ್ದವು.

ಕತ್ತರಿ ಅಕ್ಕ ಮೊದಲ ಪಾಠ ತೆರೆದು ನೋಡಿ, ಕನ್ನಡಕ ತೆಗೆದು ಮೂಗಿನ ಎರಡು ಬದಿ ಒತ್ತಿಕೊಂಡಳು. ಆಮೇಲೆ ಕ್ಯಾಮೆರಾದವನನ್ನು ಕರೆದಳು.

"ಇದೇನು ತಂದಿಟ್ಟಿದ್ದೀಯ?"

"ಕುಣಿಯೋಕೆ ಬರದವನು ನೆಲ ಡೊಂಕು ಅಂದ ಹಾಗಾಗುತ್ತೆ ಅಕ್ಕ, ನಾನೇನಾದ್ರೂ ಹೇಳಿದ್ರೆ," ಅಂದ ಅವನು. "ದೀಪ ಹೋಯ್ತು, ಶಾಲೆಯವರು ನಾಲ್ಕೇ ದಿನ ಕೊಟ್ಟಿದ್ರು. ನೀನು ಹೇಗೋ ಸರಿ ಮಾಡ್ತೀಯ ಅಂತ ಬಿಟ್ಟೆ."

"ಎಲ್ಲರೂ ನನ್ನ ಮೇಲೇ ಬಿಡಿ."

"ಸಿಟ್ಟಾದ್ಯಾ?"

"ಸಿಟ್ಟು ಮಾಡ್ಕೊಳ್ಳೋಕೂ ಆಗ್ತಿಲ್ಲ ಕಣೋ. ಹೋಗು."

ಮತ್ತೆ ಚಿತ್ರೀಕರಿಸೋಣ ಅಂದರೆ ಅದೂ ಕೈತಪ್ಪಿತು. ಚಿತ್ರೀಕರಣ ಮುಗಿದ ವಾರಕ್ಕೆ ಟೀಚರಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಹಾಕಿದ್ದರು, ಎರಡು ತಿಂಗಳು ಬಿಚ್ಚುವ ಹಾಗಿರಲಿಲ್ಲ. ಶಾಲೆ ತೆರೆಯುವುದಕ್ಕೆ ಐದು ವಾರ ಇತ್ತು.

ಹಸಿರು ಬಿಡಿಸುವುದಕ್ಕೆ ಅವಳ ಮುಂದೆ ನಾಲ್ಕು ದಾರಿಗಳಿದ್ದವು. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಬಟ್ಟೆಯ ಹಸಿರನ್ನು ಒಮ್ಮೆ ಒತ್ತಿ ತೋರಿಸಿ, ಈ ಬಣ್ಣ ಇದ್ದಲ್ಲೆಲ್ಲ ಅಳಿಸು ಅಂತ ಕಂಪ್ಯೂಟರಿಗೆ ಹೇಳುವುದು. ಬಟ್ಟೆಯ ಮಡಿಕೆಯೂ ಹೋಗಲಿ ಅಂತ ಸ್ವಲ್ಪ ಬಿಗಿ ಮಾಡಿದರೆ ಮಸುಕಾದ ಬೆರಳೂ ಹೋಗುತ್ತಿತ್ತು. ಬೆರಳು ಉಳಿಯಲಿ ಅಂತ ಸಡಿಲ ಬಿಟ್ಟರೆ ಮಡಿಕೆಗಳು ಟೀಚರಮ್ಮನ ಸುತ್ತ ಕೊಳೆಯ ಹಾಗೆ ಉಳಿಯುತ್ತಿದ್ದವು. ಬೆರಳು ತೋರಿಸಿದರೆ ಹಸ್ತ ನುಂಗುವುದು ಅನ್ನುತ್ತಾರಲ್ಲ, ಅದನ್ನು ಅವಳು ಪರದೆಯ ಮೇಲೆ ಕಣ್ಣಾರೆ ಕಂಡಳು.

ಎರಡನೆಯದು, ಚಿತ್ರದ ಪ್ರತಿ ಚುಕ್ಕೆಯಲ್ಲೂ ಹಸಿರು ಉಳಿದ ಬಣ್ಣಗಳಿಗಿಂತ ಎಷ್ಟು ಹೆಚ್ಚು ಅಂತ ತೂಗಿ ಬಿಡಿಸುವ ವಿಧಾನ. ಮಸುಕಾದ ಬೆರಳು ಅದರಲ್ಲಿ ಅರೆ ಪಾರದರ್ಶಕವಾಗಿ, ಬೆರಳಾಗಿಯೇ ಉಳಿಯುತ್ತದೆ. ಆದರೆ ಬಟ್ಟೆಯ ಬೆಳಕು ಎಲ್ಲ ಕಡೆ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಒಂದೊಂದು ದೃಶ್ಯಕ್ಕೂ ಬೇರೆ ಬೇರೆ ಹದ ಹಿಡಿಯಬೇಕು, ಹಿಡಿದರೂ ಅಂಚಿನಲ್ಲಿ ಹಸಿರು ಛಾಯೆ ಉಳಿಯಬಹುದು. ಮೂರನೆಯದು ಕೈಯಲ್ಲಿ ಗೆರೆ ಎಳೆದು ಬಿಡಿಸುವುದು. ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಆರು ನಿಮಿಷಕ್ಕೆ ಒಂಬತ್ತು ಸಾವಿರ, ಮೂವತ್ತು ಪಾಠಕ್ಕೆ ಎರಡು ಲಕ್ಷದ ಎಪ್ಪತ್ತು ಸಾವಿರ. ಆ ಅಂಕಿಯನ್ನು ಚೀಟಿಯ ಮೇಲೆ ಬರೆದು ನೋಡಿ, ಚೀಟಿಯನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದಳು.

ನಾಲ್ಕನೆಯದು ಮಾಲೀಕರು ಆಗಷ್ಟೇ ತರಿಸಿದ್ದ ಹೊಸ ಸಾಫ್ಟ್‌ವೇರ್. ಅದಕ್ಕೆ ಹಸಿರು ಬಟ್ಟೆಯೂ ಬೇಕಿರಲಿಲ್ಲ. ಮನುಷ್ಯರು ಹೇಗಿರುತ್ತಾರೆ ಅಂತ ಅದು ಮೊದಲೇ ಕಲಿತಿತ್ತಂತೆ, ನೋಡಿದ ಕೂಡಲೇ ತಾನಾಗಿ ಬಿಡಿಸುತ್ತಿತ್ತು. ಮಾಲೀಕರು ಹಿಂದೆ ನಿಂತು ನೋಡುತ್ತಿದ್ದಾಗ ಅವಳು ಮೊದಲ ಪಾಠವನ್ನು ಅದಕ್ಕೆ ಕೊಟ್ಟಳು. ಹದಿನೈದು ನಿಮಿಷದಲ್ಲಿ ಟೀಚರಮ್ಮ ಬಟ್ಟೆಯಿಂದ ಬಿಡಿಸಿಕೊಂಡು, ಹಳದಿ ಗೋಡೆ, ಬಲೂನು, ಹಾರುವ ಅಂಕಿಗಳಿರುವ ಬಣ್ಣಬಣ್ಣದ ತರಗತಿಯ ಚಿತ್ರದ ಮುಂದೆ ನಿಂತಿದ್ದರು. ಅಂಚು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನುಣುಪಾಗಿತ್ತು.

"ನೋಡು, ಇಷ್ಟೇ," ಅಂದರು ಮಾಲೀಕರು. "ನೀನು ಒಂದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರೋ ಕೆಲಸ. ಮೂರು ದಿನಕ್ಕೆ ಮುಗೀತು."

"ಕೈ ಒಂದ್ಸಲ ಸರಿಯಾಗಿ ನೋಡ್ಬೇಕು ಸರ್."

"ನೋಡಮ್ಮ, ನೋಡು. ಮೊದಲ ಐದು ಪಾಠ ಈ ವಾರವೇ ಕಳಿಸ್ತೀನಿ ಅಂದಿದ್ದೀನಿ ಅಷ್ಟೆ."

ಅವಳು ನೋಡಿದಳು. ಇದು ಆಮೇಲೆ ಅವಳನ್ನು ಬಹಳ ಕಾಡಿದ ವಿಷಯ, ಅದಕ್ಕೇ ಇಲ್ಲಿ ಮುಚ್ಚದೆ ಹೇಳಬೇಕು. ನಾಲ್ಕನೆಯ ಪಾಠದಲ್ಲಿ, ಎರಡನೆಯ ನಿಮಿಷದ ಹತ್ತಿರ, ಟೀಚರಮ್ಮ ಏನೋ ತೋರಿಸುವಾಗ ಬಲಗೈಯ ಉಂಗುರ ಬೆರಳು ಇರಲಿಲ್ಲ. ಅದಿದ್ದ ಜಾಗದಲ್ಲಿ ಹಿಂದಿನ ತರಗತಿಯ ಹಳದಿ ಗೋಡೆ ಕಾಣುತ್ತಿತ್ತು. ನುಣುಪಾಗಿ, ಗಾಯದ ಗುರುತೂ ಇಲ್ಲದೆ ಬೆರಳು ಮಾಯ. ಅವಳು ಹಿಂದಕ್ಕೆ ಹೋಗಿ ಮತ್ತೆ ನೋಡಿದಳು. ಒಂದು ಸೆಕೆಂಡೂ ಇಲ್ಲ. ಯಾರು ಅಷ್ಟು ಗಮನಿಸುತ್ತಾರೆ ಅಂದುಕೊಂಡಳು. ಸಂಜೆ ಐದೂವರೆ ಆಗಿತ್ತು, ಕುತ್ತಿಗೆ ಹಿಡಿದಿತ್ತು. ಐದು ಪಾಠಗಳನ್ನೂ ಕಳಿಸಿ, ಕಂಪ್ಯೂಟರ್ ಆರಿಸಿ, ಬಸ್ಸು ಹಿಡಿದಳು.

ಮನೆಯಲ್ಲಿ ಅತ್ತೆ, ಗಂಡ, ಇವಳು. ಗಂಡನಿಗೆ ಪೈಪ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಇಬ್ಬರೂ ಎಚ್ಚರ ಇರುವಾಗ ಒಟ್ಟಿಗೆ ಕೂತದ್ದು ವಾರಕ್ಕೊಮ್ಮೆ ಇದ್ದರೆ ಹೆಚ್ಚು. ಅತ್ತೆಗೆ ಎರಡು ವರ್ಷದಿಂದ ಕಿವಿ ಮಂದವಾಗಿತ್ತು. ಯಂತ್ರ ಹಾಕಿಸಿಕೊಳ್ಳಿ ಅಂದರೆ, "ನನ್ನ ಕಿವಿ ಚೆನ್ನಾಗೇ ಇದೆ, ನಿಮ್ಮ ಬಾಯಿ ಸಣ್ಣದಾಗಿದೆ," ಅನ್ನುತ್ತಿದ್ದರು. ಅವಳು ಒಲೆಯ ಕಡೆ ತಿರುಗಿ ನಿಂತು ಕೂಗಿ ಕೇಳುವುದು, ಅತ್ತೆ ಆಂ ಅನ್ನುವುದು, ಅವಳು ಇನ್ನೂ ಜೋರಾಗಿ ಕೂಗುವುದು. ಊಟ ಮುಗಿಯುವಷ್ಟರಲ್ಲಿ ಗಂಟಲೂ ಸೋತು, ಮಾತೇ ಬೇಡ ಅನಿಸುತ್ತಿತ್ತು.

ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಟೀಚರಮ್ಮ ಮತ್ತು ತಂಗಿಯ ಮಗಳು ಹೇಳದೆ ಕೇಳದೆ ಬಂದರು. ಮಾಲೀಕರು ಹೊರಗೆ ಹೋಗಿದ್ದರು. ಟೀಚರಮ್ಮನ ಬಲಗೈ ಕೊರಳಿಗೆ ತೂಗುಹಾಕಿದ ಪಟ್ಟಿಯಲ್ಲಿತ್ತು, ಪ್ಲಾಸ್ಟರಿನ ತುದಿಯಿಂದ ಬೆರಳ ತುದಿಗಳು ಮಾತ್ರ ಇಣುಕುತ್ತಿದ್ದವು. ಅವರು ಕೂರಲಿಲ್ಲ. ತಂಗಿಯ ಮಗಳೇ ಮಾತು ಶುರು ಮಾಡಿದಳು.

"ಮೇಡಂ, ನೀವು ಕಳಿಸಿದ್ದನ್ನ ಶುಕ್ರವಾರ ಬೇಸಿಗೆ ತರಗತಿ ಮಕ್ಕಳಿಗೆ ತೋರಿಸಿದ್ರು. ದೊಡ್ಡಮ್ಮನೂ ಅಲ್ಲೇ ಕೂತಿದ್ರು. ಮಕ್ಕಳು ನಕ್ಕುಬಿಟ್ರು."

"ಯಾಕೆ?"

"ಮೂರಕ್ಕೆ ನಾಲ್ಕು ಕೂಡಿಸಿದ್ರೆ ಏಳು ಅಂತ ದೊಡ್ಡಮ್ಮ ತೋರಿಸಿದ್ದು. ನಿಮ್ಮ ವೀಡಿಯೋದಲ್ಲಿ ಎರಡಕ್ಕೆ ನಾಲ್ಕು ಕೂಡಿಸಿದ್ರೆ ಏಳು ಅಂತ ಇದೆ. ಐದನೇ ಪಾಠದಲ್ಲಿ ಒಂಬತ್ತು ಅಂದ್ರೆ ಎಂಟು. ಒಂದು ಮಗು ಎದ್ದು ಬಂದು, ಟೀಚರ್ ನಿಮಗೆ ಲೆಕ್ಕ ಮರೆತುಹೋಯ್ತಾ ಅಂತ ಕೇಳಿತು."

ಟೀಚರಮ್ಮ ಎಡಗೈಯಿಂದ ಏನೋ ಹೇಳಿದರು. ಚಿಕ್ಕ ಸನ್ನೆ, ಎರಡೇ ತಿರುವು.

"ಏನಂದ್ರು?"

ತಂಗಿಯ ಮಗಳು ಹೇಳಿದಳು. "ಇದಕ್ಕಿಂತ ಬಿದ್ದಾಗ ನೋವಾಗಿದ್ದು ಕಡಿಮೆ ಅಂದ್ರು."

ಕತ್ತರಿ ಅಕ್ಕ ಕುರ್ಚಿಯಿಂದ ಎದ್ದು ನಿಂತಳು. ಸಾಫ್ಟ್‌ವೇರ್ ತಪ್ಪು ಅಂತ ಹೇಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ದೀಪ ಸುಟ್ಟುಹೋದ ಕತೆ ಹೇಳಬಹುದಿತ್ತು. ಟೀಚರಮ್ಮ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದರು. ಕಿವಿ ಕೇಳುವವರು ಎದುರಿಗಿದ್ದರೆ ಮಾತು ಹುಡುಕುವಾಗ ಕಣ್ಣು ಆಚೆ ಈಚೆ ಹರಿಸಬಹುದು. ಇವರ ಮುಂದೆ ಅದೂ ಸಾಧ್ಯವಿರಲಿಲ್ಲ.

"ನಾಲ್ಕನೇ ಪಾಠದ್ದು ನಾನು ನೋಡಿದ್ದೆ," ಅಂದಳು. "ಬೆರಳು ಇಲ್ಲ ಅಂತ ಗೊತ್ತಾಗಿತ್ತು. ಸುಸ್ತಾಗಿತ್ತು, ಬಿಟ್ಟುಬಿಟ್ಟೆ. ಅವರಿಗೆ ಹಾಗೇ ಹೇಳಿ."

ತಂಗಿಯ ಮಗಳು ಅದನ್ನು ಸನ್ನೆಯಲ್ಲಿ ಹೇಳಿದಳು. ಟೀಚರಮ್ಮನ ಮುಖ ಬಿಗಿಯಿತು, ನಿಧಾನವಾಗಿ ಸಡಿಲಾಯಿತು. ಅವರು ಎಡಗೈ ಚಾಚಿ ಕತ್ತರಿ ಅಕ್ಕನಿಗೆ ಅವಳ ಮುರಿದ ಕುರ್ಚಿಯನ್ನು ತೋರಿಸಿ, ತಾವು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು.

"ಸುಸ್ತಾದ ಮಕ್ಕಳೇ ಲೆಕ್ಕ ತಪ್ಪೋದು ಅಂತಿದಾರೆ," ಅಂದಳು ತಂಗಿಯ ಮಗಳು. "ಮೂವತ್ತನಾಲ್ಕು ವರ್ಷ ನೋಡಿದೀನಿ ಅಂತೆ. ಈಗ ತೋರಿಸಿ, ಏನೇನು ಮಾಡಬಹುದು?"

ಅವಳು ಒಂದೇ ದೃಶ್ಯವನ್ನು, ಕೈಯಲ್ಲಿ ಗೆರೆ ಎಳೆಯುವುದೊಂದನ್ನು ಬಿಟ್ಟು, ಉಳಿದ ಮೂರು ರೀತಿಯಲ್ಲಿ ಬಿಡಿಸಿ ಪಕ್ಕಪಕ್ಕ ಇಟ್ಟು ತೋರಿಸಿದಳು. ತಾನಾಗಿ ಬಿಡಿಸುವ ಸಾಫ್ಟ್‌ವೇರಿನಲ್ಲಿ ಕೂದಲು, ಭುಜ, ಸೀರೆಯ ಅಂಚು ಎಲ್ಲ ಚೆನ್ನ, ಬೆರಳು ಮಾತ್ರ ಅದು ಮನಸ್ಸಿಗೆ ಬಂದಷ್ಟು. ಒಂದೇ ಹಸಿರು ಅಳಿಸುವುದರಲ್ಲಿ ಬೆರಳು ಸವೆದ ಪೆನ್ಸಿಲಿನ ಹಾಗೆ. ತೂಗಿ ಬಿಡಿಸುವುದರಲ್ಲಿ ಬೆರಳು ಐದಕ್ಕೆ ಐದೂ ಇದ್ದವು, ಆದರೆ ಸುತ್ತ ಹಸಿರು ಛಾಯೆ, ಹಿಂದಿನ ಹಳದಿ ಗೋಡೆಯ ಮೇಲೆ ಅದು ಪಾಚಿ ಹಿಡಿದ ಹಾಗೆ ಎದ್ದು ಕಾಣುತ್ತಿತ್ತು.

ಟೀಚರಮ್ಮ ಮೂರನೆಯದನ್ನು ಬೆರಳಿನಿಂದ ಮುಟ್ಟಿದರು.

"ಇದು ಗಲೀಜು ಅಲ್ವಾ?" ಅಂದಳು ಕತ್ತರಿ ಅಕ್ಕ.

ಟೀಚರಮ್ಮ ಎಡಗೈಯಲ್ಲಿ ನಿಧಾನವಾಗಿ, ಅಲ್ಲಲ್ಲಿ ತಡವರಿಸುತ್ತಾ ಹೇಳಿದರು. ಬಲಗೈ ಇಲ್ಲದ್ದರಿಂದ ಅವರಿಗೂ ಮಾತು ತೊದಲುತ್ತಿತ್ತು. ತಂಗಿಯ ಮಗಳು ಒಂದೊಂದಾಗಿ ಬಿಡಿಸಿ ಹೇಳಿದಳು. "ಗಲೀಜು ಕೈ ಮಕ್ಕಳಿಗೆ ಅರ್ಥ ಆಗುತ್ತೆ, ಇಲ್ಲದ ಕೈ ಅರ್ಥ ಆಗಲ್ಲ ಅಂತ. ಆಮೇಲೆ ಇನ್ನೊಂದು. ಸನ್ನೆ ನೋಡೋರು ಕೈಯನ್ನೇ ನೋಡ್ತಾರೆ ಅಂತ ನೀವು ಅಂದ್ಕೊಂಡಿದ್ದೀರಿ. ನಮ್ಮ ಕಣ್ಣು ಮುಖದ ಮೇಲಿರುತ್ತೆ. ಕೈ ಕಣ್ಣಂಚಿನಲ್ಲೇ ಗೊತ್ತಾಗುತ್ತೆ. ಆ ಹಿಂದಿನ ಗೋಡೆ, ಬಲೂನು, ಹಾರೋ ಅಂಕಿಗಳು, ಅವೇ ಕಣ್ಣು ಎಳೆಯೋದು. ಅವನ್ನ ಯಾರು ಕೇಳಿದ್ರು ಅಂತ ಕೇಳ್ತಿದಾರೆ."

ಯಾರೂ ಕೇಳಿರಲಿಲ್ಲ. ಮಾಲೀಕರಿಗೆ ಮಕ್ಕಳ ಪಾಠ ಅಂದರೆ ಬಲೂನು ಇರಬೇಕು ಅನಿಸಿತ್ತು, ಶಾಲೆಯವರು ಸರಿ ಅಂದಿದ್ದರು.

ಕತ್ತರಿ ಅಕ್ಕ ಪರದೆಯ ಕಡೆ ತಿರುಗಿದಳು. ಆಮೇಲೆ ಹಿಂದಿನ ತರಗತಿಯ ಚಿತ್ರವನ್ನು ತೆಗೆದುಹಾಕಿ, ಅಲ್ಲಿ ಬರೀ ಒಂದು ಬಣ್ಣ ತುಂಬಿದಳು. ಮಂಕಾದ, ನೀಲಿಗೆ ವಾಲಿದ ಬೂದು ಹಸಿರು, ಹಳೆಯ ಕರಿಹಲಗೆಯ ಬಣ್ಣ. ಬೆರಳ ಸುತ್ತಲಿನ ಹಸಿರು ಛಾಯೆ ಆ ಬಣ್ಣದೊಳಗೆ ಕರಗಿ ಹೋಯಿತು. ಬೆರಳುಗಳು ಉಳಿದವು. ಇಷ್ಟು ದಿನ ಅವಳು ಹಳದಿ ಗೋಡೆಗೆ ಹೊಂದುವ ಹಾಗೆ ಬೆರಳನ್ನು ಕತ್ತರಿಸಲು ಹೋಗಿದ್ದಳು. ಬೆರಳಿಗೆ ಹೊಂದುವ ಹಾಗೆ ಗೋಡೆ ಬದಲಾಯಿಸಬಹುದು ಅಂತ ಹೊಳೆದಿರಲಿಲ್ಲ. ಹದಿನೇಳು ವರ್ಷದ ಅನುಭವ ಅಂತ ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡಳು. ಮೊದಲ ದಿನವೇ ಪಾಠ ಹೇಳುವವರನ್ನು ಎರಡು ಮಾತು ಕೇಳಿದ್ದರೆ ಮೂರು ವಾರ ಉಳಿಯುತ್ತಿತ್ತು.

ಮಧ್ಯಾಹ್ನ ಮಾಲೀಕರು ಬಂದಾಗ ಅವಳು ತಾನೇ ಅವರ ಕೋಣೆಗೆ ಹೋಗಿ ನಿಂತಳು. ಅದು ಅಪರೂಪ, ಅವರು ಕೈಯಲ್ಲಿದ್ದ ಫೋನ್ ಕೆಳಗಿಟ್ಟರು.

"ಮೂವತ್ತು ಪಾಠವನ್ನೂ ಬೇರೆ ರೀತಿ ಮಾಡ್ಬೇಕು ಸರ್. ಕಳಿಸಿದ ಐದನ್ನ ವಾಪಸ್ ತಗೋಬೇಕು."

"ಐದು ವಾರ ಈಗೆಲ್ಲಿದೆಯಮ್ಮ, ಶಾಲೆ ತೆರೆಯೋಕೆ ಇನ್ನು ಹದಿನೇಳೇ ದಿನ."

"ಗೊತ್ತು. ಮೈ ಭಾಗಕ್ಕೆ ನಿಮ್ಮ ಸಾಫ್ಟ್‌ವೇರೇ ಇರಲಿ. ಕೈಗೆ ಮಾತ್ರ ತೂಗಿ ಬಿಡಿಸೋ ವಿಧಾನ. ಹಿಂದೆ ಒಂದೇ ಬಣ್ಣ. ಅಂಕಿ, ಚಿತ್ರ ಏನಿದ್ರೂ ಎಡಗಡೆ ಕೈ ತಾಗದ ಜಾಗದಲ್ಲಿ, ಅಲುಗಾಡದೆ ನಿಲ್ಲಲಿ."

"ಬಲೂನು?"

"ಬಲೂನು ಬೇಡ ಸರ್."

"ಅಮ್ಮಾ, ನೋಡೋಕೆ ಸಪ್ಪೆ ಆಗಲ್ವಾ? ಇಷ್ಟಕ್ಕೆ ಸ್ಟುಡಿಯೋ ಯಾಕೆ ಬೇಕಿತ್ತು, ಗೋಡೆ ಮುಂದೆ ನಿಲ್ಲಿಸಿದ್ರೆ ಸಾಕಿತ್ತು ಅಂತ ಶಾಲೆಯವರು ಕೇಳಲ್ವಾ?"

"ಕೇಳಿದ್ರೆ ಹೌದು ಅನ್ನಿ. ಅದೇ ನಿಜ."

ಮಾಲೀಕರು ಅವಳನ್ನು ನೋಡಿದರು. ಹದಿನೇಳು ವರ್ಷದಲ್ಲಿ ಅವಳು ಅವರಿಗೆ ಎದುರಾಡಿದ್ದು ಎಷ್ಟು ಸಲ ಅಂತ ಎಣಿಸಲು ಒಂದು ಕೈ ಬೆರಳು ಸಾಕಿತ್ತು. "ಹದಿನೇಳು ದಿನದಲ್ಲಿ ಎಷ್ಟು ಆಗುತ್ತೆ?" ಅಂತಷ್ಟೇ ಕೇಳಿದರು.

"ದಿನಕ್ಕೆ ಒಂದು. ಎರಡು ಆದ್ರೆ ಅದೃಷ್ಟ. ಎಲ್ಲ ಆಗಲ್ಲ."

ಆಗಲ್ಲ ಅನ್ನುವ ಮಾತು ಬಾಯಿಂದ ಬಂದ ಮೇಲೆ ಅವಳಿಗೆ ಭಯವಾಗಲಿಲ್ಲ, ಹಗುರವೂ ಆಗಲಿಲ್ಲ. ಕುತ್ತಿಗೆ ಮಾತ್ರ ಮೊದಲಿನ ಹಾಗೇ ನೋಯುತ್ತಿತ್ತು.

ಮಾರನೆಯ ದಿನದಿಂದ ಟೀಚರಮ್ಮ ಪ್ರತಿ ಮಧ್ಯಾಹ್ನ ಎರಡಕ್ಕೆ ಬಂದು ನಾಲ್ಕೂವರೆವರೆಗೆ ಅವಳ ಪಕ್ಕ ಕೂರುತ್ತಿದ್ದರು. ತಂಗಿಯ ಮಗಳಿಗೆ ರಜೆ ಮುಗಿದಿತ್ತು, ಆದ್ದರಿಂದ ನಡುವೆ ಮಾತು ತಲುಪಿಸುವವರು ಯಾರೂ ಇರಲಿಲ್ಲ. ಮೊದಲ ಎರಡು ದಿನ ಕಾಗದದ ಮೇಲೆ ಬರೆದು ತೋರಿಸಿಕೊಂಡರು. ಟೀಚರಮ್ಮ ಎಡಗೈಯಲ್ಲಿ ಬರೆದ ಅಕ್ಷರ ಒಂದನೇ ತರಗತಿಯ ಮಕ್ಕಳದಕ್ಕಿಂತ ಕೆಟ್ಟದಾಗಿತ್ತು, ಅದನ್ನು ನೋಡಿ ಇಬ್ಬರೂ ನಕ್ಕರು. ಆಮೇಲೆ ಕಾಗದ ಕಡಿಮೆಯಾಯಿತು, ತುಟಿ ನೋಡಿ ಟೀಚರಮ್ಮನಿಗೆ ಅಷ್ಟಿಷ್ಟು ಗೊತ್ತಾಗುತ್ತಿತ್ತು. ಪಾಠ ಓಡುವಾಗ ಟೀಚರಮ್ಮ ಎಡಗೈ ಎತ್ತಿದರೆ ನಿಲ್ಲಿಸಬೇಕು. ಬೆರಳು ಅಲ್ಲಾಡಿಸಿದರೆ ಇಲ್ಲಿ ತಪ್ಪಿದೆ. ಹಸ್ತ ಇಳಿಸಿದರೆ ಪರವಾಗಿಲ್ಲ, ಮುಂದೆ ಹೋಗು.

ಪರವಾಗಿಲ್ಲ ಅನ್ನುವುದೇ ಹೆಚ್ಚು ಸಲ ಬರುತ್ತಿತ್ತು. ಅವಳು ಅದನ್ನು ನಿರೀಕ್ಷಿಸಿರಲಿಲ್ಲ. ಒಂದು ಸನ್ನೆಯಿಂದ ಇನ್ನೊಂದಕ್ಕೆ ಕೈ ಹೋಗುವಾಗಿನ ಮಸುಕು ಹೇಗಿದ್ದರೂ ಟೀಚರಮ್ಮನಿಗೆ ಬೇಸರವಿರಲಿಲ್ಲ. ಕೈ ನಿಂತ ಕ್ಷಣ ಮಾತ್ರ ಬೆರಳು ಸ್ಪಷ್ಟವಾಗಿರಬೇಕಿತ್ತು. ಅಂಥ ಕ್ಷಣಗಳು ಒಂದು ಪಾಠದಲ್ಲಿ ಇಪ್ಪತ್ತೋ ಮೂವತ್ತೋ. ಅವುಗಳಲ್ಲಿ ಎಲ್ಲಿ ತೂಗಿ ಬಿಡಿಸಿದ ಮೇಲೂ ಬೆರಳು ಕರಗಿರುತ್ತಿತ್ತೋ ಅಲ್ಲಿ ಅವಳು ಕೈಯಿಂದ ಗೆರೆ ಎಳೆದು ಸರಿಮಾಡುತ್ತಿದ್ದಳು. ಒಂಬತ್ತು ಸಾವಿರ ಚಿತ್ರಗಳಲ್ಲಿ ಕೈಯಿಂದ ಮುಟ್ಟಬೇಕಾದವು ಇನ್ನೂರರಷ್ಟಾದವು. ಇನ್ನೂರೂ ಸಣ್ಣ ಕೆಲಸವಲ್ಲ. ಸಂಜೆಗೆ ಕಣ್ಣು ಮುಚ್ಚಿದರೂ ಬೆರಳುಗಳೇ ಕಾಣುತ್ತಿದ್ದವು.

ನಾಲ್ಕು ಗಂಟೆಗೆ ಕ್ಯಾಮೆರಾದವನು ಮೂರು ಲೋಟ ಟೀ ತಂದಿಡುತ್ತಿದ್ದ. ಮೊದಲು ಎಂದೂ ತಂದವನಲ್ಲ. ಒಂದು ದಿನ ಟೀಚರಮ್ಮನ ಮುಂದೆ ನಿಂತು, ತನ್ನ ಎದೆ ಮುಟ್ಟಿಕೊಂಡು, ಮೇಲೆ ದೀಪದ ಕಡೆ ತೋರಿಸಿ, ಕೈ ಜೋಡಿಸಿದ. ಟೀಚರಮ್ಮ ಅವನನ್ನು ಹತ್ತಿರ ಕರೆದು, ಎಡಗೈಯಲ್ಲಿ ಅವನ ಕಿವಿ ಹಿಡಿದು ಮೆಲ್ಲಗೆ ತಿರುಚಿದರು. ಅದಕ್ಕೆ ಭಾಷಾಂತರ ಬೇಕಿರಲಿಲ್ಲ.

ಟೀಚರಮ್ಮನ ಪಕ್ಕ ಕೂತೂ ಕೂತೂ ಅವಳಿಗೊಂದು ಅಭ್ಯಾಸವಾಯಿತು. ಏನಾದರೂ ಹೇಳುವುದಿದ್ದರೆ ಪರದೆಯಿಂದ ಕಣ್ಣು ತೆಗೆದು, ಪೂರ್ತಿ ತಿರುಗಿ, ಮುಖಕ್ಕೆ ಮುಖ ಕೊಟ್ಟು ಹೇಳುವುದು. ಇಲ್ಲದಿದ್ದರೆ ಟೀಚರಮ್ಮ ಅವಳ ಭುಜ ತಟ್ಟಿ ತಿರುಗಿಸುತ್ತಿದ್ದರು. ಒಂದು ಭಾನುವಾರ ಬೆಳಗ್ಗೆ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟು, ಅತ್ತೆಯ ಮುಂದೆ ಹೋಗಿ ನಿಂತು, ಕೂಗದೆ, "ಮಾತ್ರೆ ತಗೊಂಡ್ರಾ?" ಅಂತ ಕೇಳಿದಳು. ಅತ್ತೆ ಆಂ ಅನ್ನಲಿಲ್ಲ.

"ತಗೊಂಡೆ," ಅಂದರು. ಆಮೇಲೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ಮುಖ ತೋರಿಸಿ ಮಾತಾಡೋಕೆ ನಿನಗೆ ಇಷ್ಟು ವರ್ಷ ಬೇಕಾಯ್ತಾ?" ಅಂದರು.

ಪಾಳಿ ಮುಗಿಸಿ ಬಂದು ಮೂಲೆಯಲ್ಲಿ ಮಲಗಿದ್ದ ಗಂಡ ಹೊದಿಕೆಯೊಳಗೇ ನಕ್ಕ ಸದ್ದು ಅವಳಿಗೆ ಕೇಳಿಸಿತು.

ಹದಿನೇಳು ದಿನದಲ್ಲಿ ಇಪ್ಪತ್ತೆರಡು ಪಾಠ ಮುಗಿದವು. ಇಪ್ಪತ್ಮೂರನೆಯದರ ಮೇಲೆ ಕೂತಿದ್ದಾಗ ಅವಳಿಗೆ ಜ್ವರ ಬಂದು ಎರಡು ದಿನ ಹೋಯಿತು. ಇನ್ನೂ ಒಂದು ತೊಡಕಿತ್ತು. ಹದಿನೇಳನೆಯ ಪಾಠದಲ್ಲಿ, ಒಂಬತ್ತರಿಂದ ನಾಲ್ಕು ಕಳೆಯುವಲ್ಲಿ, ಟೀಚರಮ್ಮನ ಎಡಗೈ ಬಟ್ಟೆಯ ಮಡಿಕೆಯ ನೆರಳಿಗೆ ತಾಗಿ, ಬೆರಳಿನ ಬಣ್ಣವೇ ದಾಖಲಾಗಿರಲಿಲ್ಲ. ಯಾವ ವಿಧಾನಕ್ಕೂ ಅದು ಸಿಗಲಿಲ್ಲ. ಇಲ್ಲದ್ದನ್ನು ಬಿಡಿಸಿ ತರಲು ಆಗುವುದಿಲ್ಲ. ಪಕ್ಕದ ಚಿತ್ರದಿಂದ ಬೆರಳು ತಂದು ಅಂಟಿಸಿ ನೋಡಿದಳು. ನೋಡಲು ಚೆನ್ನಾಗಿತ್ತು. ಟೀಚರಮ್ಮ ತಲೆಯಲ್ಲಾಡಿಸಿ ಬೇಡ ಅಂದರು. ಆ ಬೆರಳು ತನ್ನದೇ ಆದರೂ ಆ ಮಾತು ತನ್ನದಲ್ಲ ಅಂತ ಕಾಗದದ ಮೇಲೆ ಬರೆದರು.

ಕೊನೆಗೆ ಆ ಜಾಗವನ್ನು ತೆಗೆದುಹಾಕಿ, ಟೀಚರಮ್ಮನನ್ನು ಮತ್ತೆ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಈ ಸಲ ಹಸಿರು ಬಟ್ಟೆ ಇರಲಿಲ್ಲ. ಸ್ಟುಡಿಯೋದ ಬೂದು ಗೋಡೆ, ಹೊಸ ದೀಪ. ಪ್ಲಾಸ್ಟರ್ ಹಾಕಿದ ಕೈಯನ್ನು ಮರೆಮಾಡದೆ, ಒಂದೇ ಎಡಗೈಯಲ್ಲಿ ಮೊದಲು ಐದು, ಆಮೇಲೆ ನಾಲ್ಕು ತೋರಿಸಿ ಒಂಬತ್ತು ಮಾಡಿ, ಅದರಿಂದ ನಾಲ್ಕು ಕಳೆದು ಐದು ಉಳಿಸಿದರು. ಅಷ್ಟಕ್ಕೆ ಹತ್ತು ನಿಮಿಷ ಸಾಕಾಯಿತು. ಕ್ಯಾಮೆರಾದವನು ದೀಪವನ್ನು ಮೂರು ಸಲ ಸರಿಪಡಿಸಿದ.

ಶಾಲೆ ತೆರೆದ ದಿನ ಮಾಲೀಕರು ತಲೆ ಕೆರೆದುಕೊಳ್ಳುತ್ತಾ ಶಾಲೆಗೆ ಫೋನ್ ಮಾಡಿ, ಇಪ್ಪತ್ತೆರಡು ಈಗ, ಎಂಟು ಮುಂದಿನ ತಿಂಗಳು ಅಂದರು. ಶಾಲೆಯವರು ಗೊಣಗಿದರು, ಒಪ್ಪಿದರು. ಮಕ್ಕಳು ಇಪ್ಪತ್ತೆರಡನೇ ಪಾಠ ಮುಟ್ಟುವಷ್ಟರಲ್ಲಿ ಮೂರು ತಿಂಗಳಾಗುತ್ತದೆ ಅಂತ ಟೀಚರಮ್ಮನೇ ಅವರಿಗೆ ಹೇಳಿದ್ದರಂತೆ. ಆ ಲೆಕ್ಕವನ್ನೂ ಮೊದಲು ಯಾರೂ ಅವರನ್ನು ಕೇಳಿರಲಿಲ್ಲ.

ಒಂದು ವಾರ ಕಳೆದು ಕತ್ತರಿ ಅಕ್ಕ ಶಾಲೆಗೆ ಹೋದಳು. ಟೀಚರಮ್ಮ ಕರೆದಿದ್ದರು. ಹದಿನಾಲ್ಕು ಮಕ್ಕಳು ನೆಲದ ಮೇಲೆ ಕೂತಿದ್ದವು, ಮುಂದೆ ಟೀವಿ. ಅವಳು ಹಿಂದೆ ಗೋಡೆಗೆ ಒರಗಿ ನಿಂತಳು. ನಾಲ್ಕನೇ ಪಾಠ ಓಡಿತು. ಅಭ್ಯಾಸಬಲದಿಂದ ಅವಳ ಕಣ್ಣು ಅಂಚುಗಳನ್ನೇ ಹುಡುಕುತ್ತಿತ್ತು. ಎರಡನೆಯ ನಿಮಿಷದ ಹತ್ತಿರ ಕಿರುಬೆರಳ ಸುತ್ತ ಸ್ವಲ್ಪ ಹಸಿರು ಉಳಿದಿತ್ತು, ಇನ್ನೂ ತೆಗೆಯಬಹುದಿತ್ತು ಅನಿಸಿತು. ಆಮೇಲೆ ಅಂಚು ಬಿಟ್ಟು ಮಕ್ಕಳನ್ನು ನೋಡಿದಳು. ಅವು ಟೀವಿಯಲ್ಲಿನ ಟೀಚರಮ್ಮನ ಮುಖವನ್ನೇ ನೋಡುತ್ತಿದ್ದವು. ಪಾಠದಲ್ಲಿ ಪ್ರಶ್ನೆ ಬಂದಾಗ ಹದಿನಾಲ್ಕು ಜೊತೆ ಪುಟ್ಟ ಕೈಗಳು ಒಟ್ಟಿಗೆ ಮೇಲೆದ್ದವು, ಹದಿಮೂರು ಜೊತೆ ಏಳು ತೋರಿಸಿದವು. ಒಂದು ಮಗು ಮಾತ್ರ ಆರು ತೋರಿಸಿ, ಪಕ್ಕದವಳನ್ನು ನೋಡಿ ಇನ್ನೊಂದು ಬೆರಳು ಎತ್ತಿತು.

ಪಾಠ ಮುಗಿದ ಮೇಲೆ ಟೀಚರಮ್ಮ ಅವಳನ್ನು ಮಕ್ಕಳಿಗೆ ತೋರಿಸಿ ಏನೋ ಹೇಳಿದರು. ಮಕ್ಕಳು ತಿರುಗಿ ಅವಳನ್ನು ನೋಡಿದವು. ಏನಂದರೆಂದು ಅವಳಿಗೆ ತಿಳಿಯಲಿಲ್ಲ, ಕೇಳಿ ಹೇಳಲು ತಂಗಿಯ ಮಗಳು ಅಲ್ಲಿರಲಿಲ್ಲ. ಅವಳು ತಲೆಬಾಗಿಸಿ, ಬಾಗಿಲ ಪಕ್ಕದ ಮಕ್ಕಳ ಬೆಂಚಿನ ಮೇಲೆ ಕೂತಳು. ಬೆಂಚು ತೀರಾ ತಗ್ಗು, ಮೊಣಕಾಲು ಎದೆಗೆ ಬಂದಿತ್ತು. ಎದ್ದು ಹೋಗಬೇಕಿತ್ತು. ಎಂಟು ಪಾಠ ಬಾಕಿ ಇದ್ದವು, ಹನ್ನೆರಡಕ್ಕೆ ಹಾಸಿಗೆಯವನು ಹೊಸ ಜಾಹೀರಾತಿಗೆ ಬರುವವನಿದ್ದ. ಇನ್ನು ಐದು ನಿಮಿಷ ಅಂದುಕೊಂಡು ಹಾಗೇ ಗೋಡೆಗೆ ತಲೆಯಾನಿಸಿದಳು. ಸದ್ದಿಲ್ಲದ ಆ ತರಗತಿಯಲ್ಲಿ, ಯಾರೂ ಅವಳನ್ನು ಏನೂ ಕೇಳದಿರುವಾಗ, ಅವಳಿಗೆ ಕೂತಲ್ಲೇ ನಿದ್ದೆ ಹತ್ತಿತು.